ರಸಮಟ್ಟ ಗೋಡೆ ಕಟ್ಟೀತೆ?

ತುಂಗಭದ್ರಾ ಕಾಲುವೆ ನೀರುಣ್ಣುವ ಕಂಪ್ಲಿ, ಎಮ್ಮಿಗನೂರು ಕಡೆಯ ಗದ್ದೆಗಳಲ್ಲಿ ನಾಟಿ, ಕಳೆ ಅಂತ ಬಗ್ಗಿ ದುಡಿದ ಎಷ್ಟೋ ಹೆಂಗಸರಿಗೆ ವಯಸ್ಸಾದಂತೆ ಮೊಣಕಾಲು ಸವೆಯುತ್ತದೆ. ಕೀಲು ಬದಲಾಯಿಸುವ ಮಾತು ಬಂದಾಗ ‘ಕಂಪ್ಯೂಟರ್ ಆಪರೇಷನ್’ ಬಗ್ಗೆ ಭಯವೂ ಉಂಟು, ಅತಿಯಾಸೆಯೂ ಉಂಟು.

ನಂಬಿಕೆ: ಕಂಪ್ಯೂಟರೇ ಮೂಳೆ ಕೊಯ್ಯುತ್ತದೆ.
ಸತ್ಯ: ಕೊಯ್ಯುವ ಕೈ ಸರ್ಜನ್ನರದೇ. ತೊಡೆಮೂಳೆಗೂ ಕೆಳಗಾಲಿನ ಮೂಳೆಗೂ ಸಣ್ಣ ಪಿನ್ ಹಾಕಿ ಗುರುತು ಕೂರಿಸುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಅವನ್ನು ನೋಡುತ್ತಿರುತ್ತದೆ. ಕಾಲನ್ನು ಗುಂಡಗೆ ಆಡಿಸಿದಾಗ ಸೊಂಟದ ಕೀಲಿನ ನಟ್ಟನಡು ಎಲ್ಲಿದೆಯೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಲ್ಲಿಂದ ಪಾದದ ಕೀಲಿನವರೆಗಿನ ಗೆರೆಗೆ ಕೊಯ್ತ ಎಷ್ಟು ಡಿಗ್ರಿ ವಾಲಿದೆಯೆಂದು ಪರದೆ ತೋರಿಸುತ್ತದೆ. ಗಾರೆಯವರ ರಸಮಟ್ಟದ ಹಾಗೆ ಓರೆಯನ್ನು ಹೇಳುತ್ತದೆ, ಗೋಡೆ ಕಟ್ಟುವುದಿಲ್ಲ.

ನಂಬಿಕೆ: ಇದು ಇನ್ನೂ ಪ್ರಯೋಗದ ಹಂತದ್ದು.
ಸತ್ಯ: ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೊದಲ ಬಾರಿ ಹೀಗೆ ಮಾಡಿದ್ದು 1997ರಲ್ಲಿ.

ನಂಬಿಕೆ: ಮೊಣಕಾಲನ್ನೇ ಕಿತ್ತು ಹೊಸದು ಹಾಕುತ್ತಾರೆ.
ಸತ್ಯ: ಸವೆದ ತುದಿಗಳನ್ನಷ್ಟೇ ಕೆಲವು ಮಿಲಿಮೀಟರ್ ಕೊಯ್ದು, ಲೋಹದ ಕವಚ, ತಟ್ಟೆ, ನಡುವೆ ಪಾಲಿಥಿಲೀನ್ ಪದರ ಕೂರಿಸುತ್ತಾರೆ.

ನಂಬಿಕೆ: ಕಂಪ್ಯೂಟರ್ ಇದ್ದರೆ ನೋವೂ ಕಡಿಮೆ, ಬಾಳಿಕೆಯೂ ಖಾತ್ರಿ.
ಸತ್ಯ: ಕೀಲು ಮೂರು ಡಿಗ್ರಿಗಿಂತ ಹೆಚ್ಚು ಓರೆಯಾಗಿ ಕೂರುವ ಸಂಭವ ಕಡಿಮೆಯಾಗುತ್ತದೆ. ನೋವು, ನಡಿಗೆಯ ವಿಷಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಬಹುತೇಕ ಅಧ್ಯಯನಗಳಲ್ಲಿ ಕಂಡಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಯಲ್ಲಿ 65ಕ್ಕಿಂತ ಕಿರಿಯರಿಗೆ ಮರು ಆಪರೇಷನ್ ಕಡಿಮೆಯಾದದ್ದು ಕಂಡಿದೆ. ಹಳೆಯ ಅಪಘಾತದಲ್ಲಿ ತೊಡೆಮೂಳೆಯೊಳಗೆ ರಾಡ್ ಹಾಕಿಸಿಕೊಂಡವರಿಗೂ, ಮೂಳೆ ಬಾಗಿದವರಿಗೂ ಇದು ನಿಜವಾಗಿ ಒದಗಿಬರುತ್ತದೆ. ಮಾಮೂಲಿ ವಿಧಾನದಲ್ಲಿ ನೇರ ಅಳೆಯಲು ಆ ಮೂಳೆಯೊಳಗೆ ಕಡ್ಡಿ ತೂರಿಸಬೇಕು. ರಾಡ್ ಇದ್ದಲ್ಲಿ ಕಡ್ಡಿಗೆ ಜಾಗವೆಲ್ಲಿ?

ನಂಬಿಕೆ: ಮತ್ತೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಬಹುದು.
ಸತ್ಯ: ನಡೆಯಬಹುದು, ಮೆಟ್ಟಿಲು ಹತ್ತಬಹುದು. ಪೂರ್ತಿ ಮಡಚಿ ಕೂರುವುದು ಹೆಚ್ಚಿನವರಿಗೆ ಆಗದು. ಕಾಲು ಎಷ್ಟು ಮಡಚುತ್ತದೆ ಎಂಬುದು ಆಪರೇಷನ್ನಿಗೆ ಮುಂಚಿನ ಮಡಚುವಿಕೆ, ಆಮೇಲಿನ ವ್ಯಾಯಾಮ ಎರಡರ ಮೇಲೂ ನಿಂತಿದೆ.

ನಂಬಿಕೆ: ಸರ್ಕಾರ ದರ ಕಟ್ಟಿದೆ, ಎಲ್ಲ ಅದರಲ್ಲೇ ಬಂತು.
ಸತ್ಯ: 2017ರ ಆಗಸ್ಟ್‌ನಲ್ಲಿ ಕೇಂದ್ರ ಮಿತಿ ಹಾಕಿದ್ದು ಕೃತಕ ಕೀಲಿನ ಬೆಲೆಗೆ. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಆಪರೇಷನ್, ಕಂಪ್ಯೂಟರಿನ ಖರ್ಚು ಅದರಲ್ಲಿ ಸೇರಿಲ್ಲ.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಡಾಕ್ಟರನ್ನು ಎರಡು ಮಾತು ಕೇಳಿ: ನನ್ನ ಕಾಲಿಗೆ ಕಂಪ್ಯೂಟರ್ ಯಾಕೆ ಬೇಕು? ನೀವು ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ?