ಶಾರ್ಕ್ ಮೀನು: ಪ್ರಾಯಕ್ಕೆ ಬಂದುದನ್ನು ಗುರುತಿಸುವ ಬಗೆ ಮತ್ತು ವ್ಯಾಪಾರದ ಲೆಕ್ಕಾಚಾರ

ಮಂಗಳೂರು ಮತ್ತು ಮಲ್ಪೆಯ ಬಂದರುಗಳಲ್ಲಿ ಮೀನನ್ನು ಹರಾಜಿನಲ್ಲಿ ಕೊಳ್ಳುವವರು ಅದರ ಗಾತ್ರ, ತೂಕ ಹಾಗೂ ತಾಜಾತನವನ್ನು ಗಮನಿಸುತ್ತಾರೆ. ಅದು ಗಂಡೋ ಹೆಣ್ಣೋ ಎಂದು ವಿಚಾರಿಸುವವರು ವಿರಳ. ಭೂತಾಯಿಯ ವಿಷಯದಲ್ಲಿ ಈ ಉದಾಸೀನದಿಂದ ದೊಡ್ಡ ಹಾನಿಯೇನೂ ಇಲ್ಲ. ಭೂತಾಯಿ ಒಂದು ವರ್ಷದ ಆಸುಪಾಸಿನಲ್ಲಿ, ಸುಮಾರು 15 ಸೆಂ.ಮೀ. ಉದ್ದಕ್ಕೇ ಪ್ರಾಯಕ್ಕೆ ಬಂದು, ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತದೆ. ತುಳುವಿನಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ ಎಂದು ಕರೆಯಲಾಗುವ ಶಾರ್ಕ್‌ನ ವಿಷಯ ಹಾಗಲ್ಲ. ಅದರ ಸಂತಾನ ಬೆರಳೆಣಿಕೆಯದು; ಅನೇಕ ಜಾತಿಗಳು ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕೂ ಮೀರಿದ ಅವಧಿ ಬೇಕು. ತಾಯಿ ಮೀನುಗಳ ಸಂಖ್ಯೆ ಇಳಿದಂತೆ ಮರಿಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದುದರಿಂದ ಶಾರ್ಕ್ ಕೊಳ್ಳುವವನು ಅದರ ಜನನಾಂಗಗಳನ್ನು ಗುರುತಿಸಬಲ್ಲವನಾಗಿರುವುದು ವ್ಯಾಪಾರದ ದೃಷ್ಟಿಯಿಂದಲೇ ಅಗತ್ಯವಾಗಿದೆ.

ಗಂಡನ್ನು ಗುರುತಿಸುವುದು ಸುಲಭ. ಕಿಬ್ಬೊಟ್ಟೆಯ ಈಜುರೆಕ್ಕೆಗಳ ಒಳಅಂಚಿನಲ್ಲಿ, ಗುದದ್ವಾರದ ಎರಡೂ ಬದಿಗಳಲ್ಲಿ, ಬೆರಳಿನಂಥ ಎರಡು ಅಂಗಗಳಿರುತ್ತವೆ. ಪ್ರಾಣಿಶಾಸ್ತ್ರಜ್ಞರು ಇವುಗಳನ್ನು ಕ್ಲ್ಯಾಸ್ಪರ್ ಎನ್ನುತ್ತಾರೆ. ಹೆಣ್ಣನ್ನು ಹಿಡಿದುಕೊಳ್ಳಲು ಇರುವ ಅಂಗಗಳೆಂಬ ಹಳೆಯ ತಪ್ಪು ಕಲ್ಪನೆಯಿಂದ ಬಂದ ಹೆಸರು ಅದು. ವಾಸ್ತವದಲ್ಲಿ ಅವು ವೀರ್ಯವನ್ನು ಸಾಗಿಸುವ ಅಂಗಗಳು. ಪ್ರತಿಯೊಂದರ ಮೇಲೂ ಒಂದು ತೋಡು ಇರುತ್ತದೆ. ಹೊಟ್ಟೆಯ ಚರ್ಮದಡಿಯ ಚೀಲವೊಂದು ಸಮುದ್ರದ ನೀರನ್ನು ತುಂಬಿಕೊಂಡು, ಕೂಡುವಿಕೆಯ ಸಮಯದಲ್ಲಿ ಆ ತೋಡಿನ ಮೂಲಕ ವೀರ್ಯವನ್ನು ಮುಂದಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಒಮ್ಮೆಗೆ ಒಂದೇ ಅಂಗ ಬಳಕೆಯಾಗುತ್ತದೆ.

ಪ್ರಾಯದ ಪರೀಕ್ಷೆಗೆ ಬೆರಳುಗಳೇ ಸಾಕು. ಮರಿ ಗಂಡಿನಲ್ಲಿ ಈ ಅಂಗಗಳು ಗಿಡ್ಡವಾಗಿದ್ದು, ಮೃದುವಾಗಿ ಬಾಗುತ್ತವೆ. ಬೆಳೆಯುವ ಹಂತದಲ್ಲಿ ಅವು ರೆಕ್ಕೆಯ ಅಂಚನ್ನು ದಾಟಿ ಉದ್ದವಾಗುತ್ತವೆಯಾದರೂ ಮೆತುವಾಗಿಯೇ ಉಳಿಯುತ್ತವೆ. ಪ್ರಾಯಕ್ಕೆ ಬಂದ ಗಂಡಿನಲ್ಲಿ ಒಳಗಿನ ಮೃದ್ವಸ್ಥಿಗೆ ಸುಣ್ಣದ ಅಂಶ ಸೇರಿ ಅವು ಕಡ್ಡಿಯಂತೆ ಗಟ್ಟಿಯಾಗುತ್ತವೆ. ಬುಡದಲ್ಲಿ ಮುಂದಕ್ಕೆ ತಿರುಗುತ್ತವೆ, ತುದಿ ಅರಳುತ್ತದೆ.

ಹೆಣ್ಣಿನ ಪ್ರಾಯ ಹೊರಗಿನಿಂದ ಅಷ್ಟು ಸುಲಭವಾಗಿ ತಿಳಿಯದು. ಕೆಲವು ಜಾತಿಗಳಲ್ಲಿ ಮೈಮೇಲಿನ ಕಚ್ಚಿದ ಗಾಯಗಳು ಸುಳಿವು ನೀಡುತ್ತವೆ, ಏಕೆಂದರೆ ಗಂಡು ಹಲ್ಲಿನಿಂದಲೇ ಹೆಣ್ಣನ್ನು ಹಿಡಿದುಕೊಳ್ಳುತ್ತದೆ. ನೀಲಿ ಶಾರ್ಕ್‌ನ ಹೆಣ್ಣಿಗೆ ಗಂಡಿಗಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪದ ಚರ್ಮವನ್ನು ಪ್ರಕೃತಿ ಕೊಟ್ಟಿರುವುದು ಇದಕ್ಕಾಗಿಯೇ ಇರಬೇಕು. ಖಚಿತವಾಗಿ ತಿಳಿಯಲು ಹೊಟ್ಟೆಯನ್ನು ಸೀಳಿ ನೋಡಬೇಕು. ಎಳೆಯ ಹೆಣ್ಣಿನ ಗರ್ಭಕೋಶಗಳು ದಾರದಂತೆ ಸಣ್ಣಗಿರುತ್ತವೆ. ಪ್ರಾಯದ ಹೆಣ್ಣಿನಲ್ಲಿ ಅವು ಅಗಲವಾಗಿ ಸಡಿಲಗೊಂಡಿರುತ್ತವೆ, ಅಂಡನಾಳದ ಗ್ರಂಥಿಯು ಉಬ್ಬಿರುತ್ತದೆ. ಬಹುತೇಕ ಜಾತಿಗಳ ಅಂಡಾಶಯದಲ್ಲಿ ಹಳದಿ ಬಣ್ಣದ ದೊಡ್ಡ ಅಂಡಗಳು ಕಾಣುತ್ತವೆ.

ನಮ್ಮ ಪದವಿ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಛೇದನಕ್ಕೆ ಬಳಕೆಯಾದ ಸ್ಕೋಲಿಯೋಡಾನ್ ಎಂಬ ಪುಟ್ಟ ಶಾರ್ಕ್ ಹಲವು ಓದುಗರ ನೆನಪಿನಲ್ಲಿರಬಹುದು. ತಿಲ್ಲಯಂಪಲಂ ಅವರು 1928ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ ಅದು ಭಾರತದ ಪಠ್ಯಕ್ರಮಗಳಲ್ಲಿ ನೆಲೆಗೊಂಡಿತು. ಶಾರ್ಕ್‌ಗಳ ನಡುವೆ ಇದೊಂದು ಅಪವಾದ. ಇದರ ಹೆಣ್ಣು ಸುಮಾರು 33ರಿಂದ 35 ಸೆಂ.ಮೀ. ಉದ್ದಕ್ಕೇ ಪ್ರಾಯಕ್ಕೆ ಬರುತ್ತದೆ. ಅಂಡದಲ್ಲಿ ಆಹಾರವೆಂಬುದು ಇಲ್ಲವೇ ಇಲ್ಲವೆನ್ನಬಹುದು, ಗಾತ್ರ ಸುಮಾರು 1 ಮಿ.ಮೀ. ಮಾತ್ರ. ಭ್ರೂಣವು ಸಸ್ತನಿಗಳಂತೆ ಮಾಸಿನ ಮೂಲಕ ತಾಯಿಯಿಂದಲೇ ಪೋಷಣೆ ಪಡೆದು, 12ರಿಂದ 15 ಸೆಂ.ಮೀ. ಉದ್ದದ ಮರಿಯಾಗಿ ಹುಟ್ಟುತ್ತದೆ. ಮಾರುಕಟ್ಟೆಯಲ್ಲಿ ಇದರ ಪಕ್ಕದಲ್ಲೇ ಬಿದ್ದಿರುವ 60 ಸೆಂ.ಮೀ. ಉದ್ದದ ಸುತ್ತಿಗೆತಲೆ ಶಾರ್ಕ್ ನೋಡಲು ದೊಡ್ಡದು. ಆದರೆ ಆ ಜಾತಿಯ ಮರಿ ಹುಟ್ಟುವಾಗಲೇ 40 ಸೆಂ.ಮೀ. ಮೀರಿರುತ್ತದೆ, ಹೆಣ್ಣು ಪ್ರಾಯಕ್ಕೆ ಬರುವುದು ಸುಮಾರು 2 ಮೀಟರ್ ಉದ್ದವಾದಾಗ. ಚಿಕ್ಕದೆಂದು ತೋರುವುದು ತಾಯಿ, ದೊಡ್ಡದೆಂದು ತೋರುವುದು ಶಿಶು. ಜಾತಿಯನ್ನು ತಿಳಿಯದೆ ಕೇವಲ ಉದ್ದದಿಂದ ನಿರ್ಣಯಿಸುವುದು ಸಲ್ಲದು.

ದೊಡ್ಡ ಮೀನನ್ನೇ ಆರಿಸುವ ಮಾರುಕಟ್ಟೆಯ ಅಭ್ಯಾಸ ಏನು ಮಾಡಬಲ್ಲದೆಂಬುದನ್ನು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮುಳ್ಳು ಶಾರ್ಕ್‌ನ ಪ್ರಕರಣ ತೋರಿಸಿದೆ. 1990ರ ದಶಕದಲ್ಲಿ ಅದರ ಮಾಂಸಕ್ಕೆ ಯೂರೋಪಿನಲ್ಲಿ ಬೇಡಿಕೆ ಏರಿತು. ಬ್ರಿಟನ್ನಿನ ಕರಿದ ಮೀನಿನ ಅಂಗಡಿಗಳಿಗೆ ಬೆನ್ನಿನ ಮಾಂಸವೂ, ಜರ್ಮನಿಯ ಹೊಗೆಮೀನಿನ ತಯಾರಕರಿಗೆ ಹೊಟ್ಟೆಯ ಪಟ್ಟಿಗಳೂ ಬೇಕಾಗಿದ್ದವು. ಎರಡಕ್ಕೂ ದೊಡ್ಡ ಮೀನೇ ಲಾಭಕರ. ಈ ಜಾತಿಯಲ್ಲಿ ಗಂಡು ಚಿಕ್ಕದು. ಹೆಣ್ಣು 80 ಸೆಂ.ಮೀ. ಆಸುಪಾಸಿನಲ್ಲಿ ಪ್ರಾಯಕ್ಕೆ ಬಂದು ಮುಂದೆಯೂ ಬೆಳೆಯುತ್ತದೆ. ಹೀಗಾಗಿ ದೊಡ್ಡ ಮೀನೆಂದು ಕೊಂಡದ್ದೆಲ್ಲ ಬಹುತೇಕ ಪ್ರಾಯದ ಹೆಣ್ಣೇ ಆಗಿತ್ತು. ಗರ್ಭಧಾರಣೆಯ ಅವಧಿ ಎರಡು ವರ್ಷದ ಸಮೀಪ, ಒಂದು ಹೆರಿಗೆಗೆ ಸರಾಸರಿ ಆರು ಮರಿಗಳು. 1998ರಲ್ಲಿ ಸರ್ಕಾರ ಈ ಮೀನು ಅತಿಯಾಗಿ ಹಿಡಿಯಲ್ಪಟ್ಟಿದೆಯೆಂದು ಘೋಷಿಸಿತು. 2000ದಲ್ಲಿ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂತು. ಸಂತತಿ ಚೇತರಿಸಿದೆಯೆಂಬ ಘೋಷಣೆ ಹೊರಬಿದ್ದದ್ದು 2010ರಲ್ಲಿ. ಸಮುದ್ರದಲ್ಲಿ ಮೀನುಗಳಿರಲಿಲ್ಲವೆಂದಲ್ಲ, ಗಂಡುಗಳು ಬೇಕಾದಷ್ಟಿದ್ದವು.

ನಮ್ಮ ದೇಶದಲ್ಲಿ ನಿಯಮಗಳು ಬೇರೆ ಹಾದಿಯಲ್ಲಿ ಬಂದವು. 2001ರ ಜುಲೈಯಲ್ಲಿ ಎಲ್ಲ ಶಾರ್ಕ್ ಮತ್ತು ತೊರಕೆಗಳನ್ನು ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿ, ಮೀನುಗಾರರ ವಿರೋಧದ ನಂತರ ಡಿಸೆಂಬರಿನಲ್ಲಿ ಪಟ್ಟಿಯನ್ನು 10 ಜಾತಿಗಳಿಗೆ ಇಳಿಸಲಾಯಿತು. 2015ರ ಫೆಬ್ರವರಿಯಲ್ಲಿ ಶಾರ್ಕ್ ರೆಕ್ಕೆಗಳ ರಫ್ತು ನಿಷೇಧಿಸಲ್ಪಟ್ಟಿತು. 2022ರ ತಿದ್ದುಪಡಿ ಕಾಯಿದೆಯು ಅನುಸೂಚಿಗಳನ್ನೇ ಹೊಸದಾಗಿ ರಚಿಸಿದ್ದರಿಂದ ಹಳೆಯ ಪಟ್ಟಿಯನ್ನು ನಂಬಿ ವ್ಯವಹರಿಸುವುದು ಅಪಾಯಕರ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸುತ್ತಿಗೆತಲೆ ಶಾರ್ಕ್‌ಗಳು 2013ರಲ್ಲಿ ಸೇರಿದವು. 2022ರ ಸಮ್ಮೇಳನದಲ್ಲಿ ಸ್ಕೋಲಿಯೋಡಾನ್ ಒಳಗೊಂಡ ಇಡೀ ಕುಟುಂಬವೇ ಸೇರ್ಪಡೆಗೊಂಡು, 2023ರ ನವೆಂಬರಿನಿಂದ ಜಾರಿಗೆ ಬಂದಿದೆ. ಈ ಪಟ್ಟಿಯ ಜಾತಿಗಳ ಮಾಂಸ, ಚರ್ಮ ಅಥವಾ ಎಣ್ಣೆಯನ್ನು ರಫ್ತು ಮಾಡಲು ಪರವಾನಗಿ ಬೇಕು. ಆ ರಫ್ತಿನಿಂದ ಸಂತತಿಗೆ ಹಾನಿಯಿಲ್ಲವೆಂಬ ವೈಜ್ಞಾನಿಕ ಅಭಿಪ್ರಾಯವಿಲ್ಲದೆ ಪರವಾನಗಿ ದೊರೆಯದು. ಹಿಡಿದ ಮೀನಿನಲ್ಲಿ ಪ್ರಾಯದವೆಷ್ಟು, ಮರಿಗಳೆಷ್ಟು ಎಂಬುದು ಅಂಥ ಅಭಿಪ್ರಾಯಕ್ಕೆ ಬೇಕಾದ ಪ್ರಮುಖ ಆಧಾರಗಳಲ್ಲಿ ಒಂದು.

ಈ ಆಧಾರವನ್ನು ಒದಗಿಸುವ ಕೆಲಸ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದೆಂದು ಉದ್ಯಮ ಕೈಕಟ್ಟಿ ಕೂರುವುದು ಸರಿಯಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಸಂಸ್ಕರಣಾ ಘಟಕದಲ್ಲಿ ಮೀನಿನ ಹೊಟ್ಟೆಯನ್ನು ಹೇಗೂ ಸೀಳಲೇಬೇಕು. ಗರ್ಭಕೋಶದಲ್ಲಿ ಮರಿಗಳಿದ್ದರೆ ಅವನ್ನು ಮೊದಲು ಕಾಣುವವರು ಅಲ್ಲಿ ಕತ್ತಿ ಹಿಡಿದ ಹೆಂಗಸರು; ಈವರೆಗೆ ಅದು ಕಸದ ಬುಟ್ಟಿಗೆ ಹೋಗುವ ಮಾಹಿತಿ. ಜಾತಿ, ಉದ್ದ, ಗಂಡೋ ಹೆಣ್ಣೋ, ಅಂಗ ಮೆತುವೋ ಗಟ್ಟಿಯೋ, ಹೊಟ್ಟೆಯಲ್ಲಿ ಮರಿಗಳೆಷ್ಟು ಎಂಬ ಐದು ಅಂಕಣಗಳ ದಾಖಲೆ ಪುಸ್ತಕವೊಂದನ್ನು ತೂಕದ ಯಂತ್ರದ ಬಳಿ ಇರಿಸಿದರೆ ಪ್ರತಿ ಮೀನಿಗೂ ಒಂದು ನಿಮಿಷ ಸಾಕು. ವರ್ಷಕ್ಕೊಮ್ಮೆ ಅದರ ಪ್ರತಿಯನ್ನು ಮಂಗಳೂರಿನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ತಲುಪಿಸಬಹುದು.