ಲೋಕಸಭಾ ಫಲಿತಾಂಶ ಮತ್ತು ಸಣ್ಣ ಉದ್ಯಮದ ಬಂಡವಾಳ: ಭದ್ರಾವತಿ ಕಲಿಸುವ ಪಾಠ

2024ರ ಜೂನ್ 4, ಮಂಗಳವಾರ. ಲೋಕಸಭಾ ಚುನಾವಣೆಯ ಮತ ಎಣಿಕೆ ಮುಂದುವರಿದಂತೆಲ್ಲ ಮುಂಬಯಿಯ ಷೇರು ಪೇಟೆ ಕುಸಿಯತೊಡಗಿತು. ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಹಿಂದಿನ ದಿನವಷ್ಟೇ 2,507 ಅಂಶಗಳಷ್ಟು ಏರಿದ್ದ ಸಂವೇದಿ ಸೂಚ್ಯಂಕವು ಅಂದಿನ ವಹಿವಾಟಿನ ಅಂತ್ಯಕ್ಕೆ 4,390 ಅಂಶಗಳನ್ನು ಕಳೆದುಕೊಂಡು 72,079ರಲ್ಲಿ ನಿಂತಿತು. ಯಾವ ಪಕ್ಷಕ್ಕೂ ಸ್ವಂತ ಬಲದ ಬಹುಮತ ದೊರೆಯದಿದ್ದುದೇ ಪೇಟೆಯ ಅಳುಕಿಗೆ ಕಾರಣವಾಗಿತ್ತು.

ಅದೇ ಫಲಿತಾಂಶಕ್ಕೆ ಭದ್ರಾವತಿಯಲ್ಲಿ ಬೇರೊಂದು ಅರ್ಥ ಬಂದಿತು. ಮಿತ್ರಪಕ್ಷಗಳ ನೆರವಿನಿಂದ ರಚನೆಯಾದ ಕೇಂದ್ರ ಸಂಪುಟದಲ್ಲಿ ಉಕ್ಕು ಮತ್ತು ಬೃಹತ್ ಕೈಗಾರಿಕೆ ಖಾತೆಗಳು ಮಂಡ್ಯದಿಂದ ಗೆದ್ದ ಎಚ್.ಡಿ. ಕುಮಾರಸ್ವಾಮಿ ಅವರ ಪಾಲಿಗೆ ಬಂದವು. ಆ ತಿಂಗಳು ಮುಗಿಯುವುದರೊಳಗೆ ಅವರು ಭದ್ರಾವತಿಗೆ ಭೇಟಿ ನೀಡಿ, ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯ ಪುನಶ್ಚೇತನದ ಮಾತನಾಡಿದರು. ದಲಾಲ್ ಸ್ಟ್ರೀಟಿಗೆ ಕೆಟ್ಟ ಸುದ್ದಿಯಾಗಿದ್ದುದು ಉಕ್ಕಿನ ಪಟ್ಟಣಕ್ಕೆ ಆಸೆ ಹುಟ್ಟಿಸಿದ ಸುದ್ದಿಯಾಯಿತು.

ಒಂದೇ ಜನಾದೇಶವನ್ನು ಎರಡು ಊರುಗಳು ಎರಡು ಬಗೆಯಲ್ಲಿ ಓದಿದ ಈ ಸಂಗತಿಯಲ್ಲಿ ಸಣ್ಣ ಉದ್ಯಮಿಗಳಿಗೂ, ಅವರ ಉದ್ಯಮಗಳಲ್ಲಿ ಹಣ ತೊಡಗಿಸುವವರಿಗೂ ಉಪಯುಕ್ತವಾದ ಪಾಠವಿದೆ. ಫಲಿತಾಂಶದ ದಿನ ಅಲುಗಾಡುವ ಬೆಲೆಯೇ ಬೇರೆ. ಕಾರ್ಖಾನೆಯ ಅಢಾವೆ ಪತ್ರಿಕೆಯನ್ನು ನಿಜವಾಗಿ ಬದಲಿಸುವ ನಿರ್ಧಾರಗಳೇ ಬೇರೆ.

ಪೇಟೆಯ ಮೊದಲ ತೀರ್ಪು

ಕಳೆದ ಎರಡು ದಶಕಗಳ ಅನುಭವವನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. 2004ರ ಮೇ 17ರಂದು, ಎಡಪಕ್ಷಗಳ ಬೆಂಬಲದ ಸರ್ಕಾರ ಬರಲಿದೆ ಎಂಬ ಭೀತಿಯಿಂದ ಸೂಚ್ಯಂಕವು ಒಂದೇ ದಿನದಲ್ಲಿ 565 ಅಂಶ, ಅಂದರೆ ಶೇಕಡಾ 11ಕ್ಕೂ ಹೆಚ್ಚು ಕುಸಿದು 4,505ಕ್ಕೆ ಬಂದಿತ್ತು. ಅದೇ ಸರ್ಕಾರದ ಅವಧಿಯಲ್ಲಿ, 2007ರ ಡಿಸೆಂಬರ್ ವೇಳೆಗೆ, ಸೂಚ್ಯಂಕ 20,000ದ ಗಡಿ ದಾಟಿತು. 2009ರ ಮೇ 18ರಂದು ಸ್ಥಿರ ಸರ್ಕಾರದ ಹರ್ಷದಲ್ಲಿ 2,110 ಅಂಶ ಏರಿ ವಹಿವಾಟನ್ನೇ ನಿಲ್ಲಿಸಬೇಕಾಯಿತು. 2019ರ ಮೇ 23ರಂದು ಸ್ಪಷ್ಟ ಬಹುಮತ ಬಂದಾಗ ಮೊದಲ ಬಾರಿಗೆ 40,000 ಮುಟ್ಟಿದ ಸೂಚ್ಯಂಕವು ದಿನದ ಕೊನೆಗೆ ಹಿಂದಿನ ದಿನಕ್ಕಿಂತ ಕೆಳಗೆ, 38,811ರಲ್ಲಿ ಮುಕ್ತಾಯವಾಯಿತು.

2024ರ ಕುಸಿತವಾದರೂ ಮೂರೇ ದಿನಗಳದ್ದು. ಜೂನ್ 7ರಂದು ಸೂಚ್ಯಂಕ 76,693ಕ್ಕೆ ಮರಳಿತು. ಸೂಚ್ಯಂಕದ ಜೊತೆಗೇ ಏರಿಳಿಯುವ ಷೇರುಗಳಲ್ಲಿ ಜೂನ್ 3ರಂದು 10 ಲಕ್ಷ ರೂಪಾಯಿ ಹೊಂದಿದ್ದವನ ಲೆಕ್ಕ ಹೀಗಾಗುತ್ತದೆ: ಜೂನ್ 4ರ ಸಂಜೆ ಸುಮಾರು 9.43 ಲಕ್ಷ, ಜೂನ್ 7ರಂದು ಸುಮಾರು 10.03 ಲಕ್ಷ. ಗಾಬರಿಯಿಂದ ಮಾರಿದವನಿಗೆ ಸುಮಾರು 60,000 ರೂಪಾಯಿ ನಷ್ಟ; ಸುಮ್ಮನಿದ್ದವನಿಗೆ ಏನೂ ಇಲ್ಲ. ಮುಂದಿನ ತಿಂಗಳು ಕಚ್ಚಾವಸ್ತು ಕೊಳ್ಳಲು ಬೇಕಾದ ಹಣವನ್ನು ಷೇರಿನಲ್ಲಿ ಇಟ್ಟಿದ್ದವನಿಗೆ ಮಾತ್ರ ಸುಮ್ಮನಿರುವ ಅವಕಾಶವಿರಲಿಲ್ಲ. ದುಡಿಯುವ ಬಂಡವಾಳವನ್ನು ಪೇಟೆಯಲ್ಲಿ ತೊಡಗಿಸಬಾರದೆಂಬ ಹಳೆಯ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಖಾಸಗಿ ಷೇರು ಬಂಡವಾಳದ ಲೆಕ್ಕಾಚಾರ

ಷೇರು ಪೇಟೆಯಲ್ಲಿ ನೋಂದಣಿಯಾಗದ ಕಂಪನಿಗಳಲ್ಲಿ ಪಾಲು ಪಡೆದು, ಸಾಮಾನ್ಯವಾಗಿ ಐದರಿಂದ ಏಳು ವರ್ಷಗಳ ನಂತರ ಅದನ್ನು ಮಾರಿ ಹೊರಬರುವ ಹೂಡಿಕೆಗೆ ಪ್ರೈವೇಟ್ ಈಕ್ವಿಟಿ, ಅಂದರೆ ಖಾಸಗಿ ಷೇರು ಬಂಡವಾಳ ಎಂದು ಹೆಸರು. ಇಂತಹ ನಿಧಿಗಳನ್ನು ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳು ನಿಯಂತ್ರಿಸುತ್ತವೆ. ಅವುಗಳಲ್ಲಿ ಹಣ ತೊಡಗಿಸಲು ಸಾಮಾನ್ಯ ಕನಿಷ್ಠ ಮೊತ್ತವೇ ಒಂದು ಕೋಟಿ ರೂಪಾಯಿ. ಸಣ್ಣ ಉದ್ಯಮಗಳಿಗೂ ಈ ಬಾಗಿಲು ತೆರೆಯಲೆಂದು ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ಆತ್ಮನಿರ್ಭರ ಭಾರತ ನಿಧಿಯನ್ನು ಪ್ರಕಟಿಸಿತು. ಸರ್ಕಾರದ 10,000 ಕೋಟಿಗೆ ಖಾಸಗಿ ನಿಧಿಗಳ 40,000 ಕೋಟಿ ಸೇರಿಸುವುದು ಅದರ ಗುರಿಯಾಗಿತ್ತು.

ಐದರಿಂದ ಏಳು ವರ್ಷ ಹಣ ತೊಡಗಿಸುವ ನಿಧಿಯು ಆ ಅವಧಿಯಲ್ಲಿ ಕನಿಷ್ಠ ಒಂದು ಲೋಕಸಭಾ ಚುನಾವಣೆಯನ್ನು ಸಾಮಾನ್ಯವಾಗಿ ಎದುರಿಸಲೇಬೇಕು. ಆದ್ದರಿಂದ ಅನುಭವಿ ಹೂಡಿಕೆದಾರನು ಫಲಿತಾಂಶಕ್ಕೆ ಹೆದರಿ ಓಡುವುದಿಲ್ಲ. ಬೆಲೆಯಲ್ಲಿ ಚೌಕಾಸಿ ಮಾಡುತ್ತಾನೆ, ಒಪ್ಪಂದಕ್ಕೆ ಸಹಿ ಹಾಕುವುದನ್ನು ಒಂದೆರಡು ತಿಂಗಳು ಮುಂದೂಡುತ್ತಾನೆ. ನೋಂದಾಯಿತ ಕಂಪನಿಗಳ ಷೇರು ಬೆಲೆ ಇಳಿದರೆ ಅದನ್ನೇ ಅಳತೆಗೋಲಾಗಿಟ್ಟು ಸಣ್ಣ ಕಂಪನಿಯ ಮೌಲ್ಯವನ್ನೂ ತಗ್ಗಿಸುತ್ತಾನೆ.

ಉದಾಹರಣೆಗೆ, ಎರಕದ ಬಿಡಿಭಾಗಗಳನ್ನು ತಯಾರಿಸುವ, ಸಾಲವಿಲ್ಲದ ಒಂದು ಖಾಸಗಿ ನಿಯಮಿತ ಕಂಪನಿಯನ್ನು ಊಹಿಸಿಕೊಳ್ಳಬಹುದು. ಬಡ್ಡಿ, ಸವಕಳಿ ಹಾಗೂ ತೆರಿಗೆಗೆ ಮುಂಚಿನ ಅದರ ಲಾಭ ವರ್ಷಕ್ಕೆ 2 ಕೋಟಿ. ಲಾಭದ ಆರು ಪಟ್ಟು ಲೆಕ್ಕದಲ್ಲಿ ಕಂಪನಿಯ ಮೌಲ್ಯ 12 ಕೋಟಿ. 3 ಕೋಟಿ ಹೊಸ ಬಂಡವಾಳ ಬಂದರೆ ಒಟ್ಟು 15 ಕೋಟಿಯಾಗಿ, ಹೂಡಿಕೆದಾರನಿಗೆ ಶೇಕಡಾ 20ರಷ್ಟು ಪಾಲು ಸಲ್ಲುತ್ತದೆ. ಫಲಿತಾಂಶದ ನಂತರದ ಅಂಜಿಕೆಯಲ್ಲಿ ಐದು ಪಟ್ಟು ಮಾತ್ರ ಒಪ್ಪಿದರೆ ಮೌಲ್ಯ 10 ಕೋಟಿ, ಪಾಲು ಶೇಕಡಾ 23. ಚುನಾವಣೆಯ ಬೆಲೆ ಶೇಕಡಾ 3ರಷ್ಟು ಒಡೆತನ.

ಇದೇ ಕಂಪನಿಯ ಮಾರಾಟದ ಬಹುಭಾಗ ಒಬ್ಬನೇ ಗಿರಾಕಿಯಿಂದ ಬರುತ್ತಿದ್ದರೆ, ಆ ಅಪಾಯಕ್ಕಾಗಿ ಹೂಡಿಕೆದಾರನು ನಾಲ್ಕು ಪಟ್ಟು ಮಾತ್ರ ಎಂದಾನು. ಆಗ ಮೌಲ್ಯ 8 ಕೋಟಿ, ಪಾಲು ಶೇಕಡಾ 27ಕ್ಕೂ ಹೆಚ್ಚು. ಚುನಾವಣೆ ಕಸಿದುಕೊಳ್ಳುವ ಪಾಲಿಗಿಂತ ಒಂದೇ ಗಿರಾಕಿಯನ್ನು ನೆಚ್ಚಿಕೊಂಡ ತಪ್ಪು ಕಸಿದುಕೊಳ್ಳುವ ಪಾಲು ದೊಡ್ಡದು. ಈ ಮಾತು ಭದ್ರಾವತಿಗೆ ಚೆನ್ನಾಗಿ ತಿಳಿದಿದೆ.

ಭದ್ರಾವತಿ ಕಂಡ ಮೂರು ಫಲಿತಾಂಶಗಳು

1918ರಲ್ಲಿ ಮೈಸೂರು ಸಂಸ್ಥಾನದ ಉದ್ಯಮವಾಗಿ ಆರಂಭಗೊಂಡು 1923ರಲ್ಲಿ ಉತ್ಪಾದನೆಗೆ ತೊಡಗಿದ ಕಬ್ಬಿಣದ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನ ಸಂಸ್ಥೆಯಾಯಿತು; 1998ರಲ್ಲಿ ಅದರಲ್ಲೇ ವಿಲೀನಗೊಂಡಿತು. ಅಲ್ಲಿಂದಾಚೆಗೆ ಕಾರ್ಖಾನೆಯ ಹಣೆಬರಹ ದೆಹಲಿಯಲ್ಲಿ ನಿರ್ಧಾರವಾಗತೊಡಗಿತು. ಅದನ್ನೇ ಅವಲಂಬಿಸಿದ್ದ ಲೇತ್ ಘಟಕಗಳು, ಸಣ್ಣ ಎರಕದ ಮನೆಗಳು, ಸಾಗಣೆದಾರರು, ಗುತ್ತಿಗೆದಾರರು, ಅಂಗಡಿಯವರು ಪ್ರತಿ ಲೋಕಸಭಾ ಚುನಾವಣೆಯನ್ನೂ ಕಾರ್ಖಾನೆಯ ಭವಿಷ್ಯದ ಚುನಾವಣೆಯೆಂದೇ ಕಂಡರು.

2014ರಲ್ಲಿ ಪೇಟೆ ಬಯಸಿದಂತೆಯೇ ಸ್ವಂತ ಬಹುಮತದ ಸರ್ಕಾರ ಬಂದಿತು. 2016ರಲ್ಲಿ ಕೇಂದ್ರ ಸಂಪುಟವು ಭದ್ರಾವತಿಯ ಘಟಕವನ್ನು ಖಾಸಗಿಯವರಿಗೆ ಮಾರಲು ತಾತ್ವಿಕ ಒಪ್ಪಿಗೆ ನೀಡಿತು. 2019ರಲ್ಲಿ ಇನ್ನೂ ದೊಡ್ಡ ಬಹುಮತ ಬಂದಿತು. ಜುಲೈನಲ್ಲಿ ಆಸಕ್ತ ಖರೀದಿದಾರರಿಂದ ಪ್ರಸ್ತಾವಗಳನ್ನು ಆಹ್ವಾನಿಸಲಾಯಿತು. 2022ರ ಅಕ್ಟೋಬರಿನಲ್ಲಿ, ಮುಂದುವರಿಯಲು ಖರೀದಿದಾರರಿಗೆ ಸಾಕಷ್ಟು ಆಸಕ್ತಿಯಿಲ್ಲವೆಂಬ ಕಾರಣ ನೀಡಿ ಮಾರಾಟವನ್ನೇ ಕೈಬಿಡಲಾಯಿತು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಚಾಲನೆಗೊಂಡಿತು.

ಮಾರಾಟ, ಮಾರಾಟದ ರದ್ದತಿ, ಮುಚ್ಚುವಿಕೆ, ಮರುಚಾಲನೆ ಇವೆಲ್ಲವೂ ಒಂದೇ ಪಕ್ಷದ ಬಹುಮತದ ಆಡಳಿತದಲ್ಲಿ ನಡೆದವು. ದೆಹಲಿಯಲ್ಲಿ ಸ್ಥಿರತೆಯಿದ್ದರೆ ಭದ್ರಾವತಿಯಲ್ಲೂ ಸ್ಥಿರತೆಯಿರುತ್ತದೆಂಬ ಎಣಿಕೆ ಹುಸಿಯಾಯಿತು. ಅದೇ ರೀತಿ, 2024ರ ಸಮ್ಮಿಶ್ರ ಸರ್ಕಾರ ಹುಟ್ಟಿಸಿದ ಆಸೆಯನ್ನೂ ಎಚ್ಚರದಿಂದಲೇ ಅಳೆಯಬೇಕು. ಸಚಿವರ ಭರವಸೆ ಸಂಪುಟದ ಮಂಜೂರಾತಿಯಲ್ಲ. ಮಂಜೂರಾತಿಯು ಬಿಡುಗಡೆಯಾದ ಹಣವಲ್ಲ. ಬಿಡುಗಡೆಯಾದ ಹಣವು ಸಣ್ಣ ಘಟಕದ ಕೈಗೆ ಬಂದ ಖರೀದಿ ಆದೇಶವೂ ಅಲ್ಲ. ಸ್ವಂತ ಅದಿರು ಗಣಿಯ ಕೊರತೆಯಂತಹ ಹಳೆಯ ತೊಡಕುಗಳನ್ನು ಯಾವ ಮತ ಎಣಿಕೆಯೂ ಪರಿಹರಿಸುವುದಿಲ್ಲ.

ಪಟ್ಟಣದ ಇನ್ನೊಂದು ಆಧಾರಸ್ತಂಭವಾಗಿದ್ದ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದು ರಾಜ್ಯ ಸರ್ಕಾರದ ಉದ್ಯಮ. ಲೋಕಸಭೆಯ ಫಲಿತಾಂಶಕ್ಕೂ ಅದಕ್ಕೂ ನೇರ ಸಂಬಂಧವಿರಲಿಲ್ಲ. ಎರಡು ದೊಡ್ಡ ಕಾರ್ಖಾನೆಗಳನ್ನೇ ನೆಚ್ಚಿದ್ದ ಪೂರೈಕೆದಾರನಿಗೆ ಮಾತ್ರ ಪರಿಣಾಮ ಒಂದೇ ಆಗಿತ್ತು: ಖಾಲಿಯಾದ ಆದೇಶ ಪುಸ್ತಕ, ತೀರಿಸಬೇಕಾದ ಬ್ಯಾಂಕ್ ಸಾಲ.

ಆಯವ್ಯಯದ ದಾರಿಯಲ್ಲಿ ಬರುವ ಪರಿಣಾಮ

ಫಲಿತಾಂಶವು ಸಣ್ಣ ಉದ್ಯಮವನ್ನು ಮುಟ್ಟುವುದು ಬಹುಮಟ್ಟಿಗೆ ತೆರಿಗೆ ಕಾನೂನಿನ ಮೂಲಕ. ಅದೂ ತಿಂಗಳುಗಳ ನಂತರ. 2016ರ ನವೆಂಬರಿನ ನೋಟು ರದ್ದತಿ, 2017ರ ಜುಲೈ 1ರ ಸರಕು ಮತ್ತು ಸೇವಾ ತೆರಿಗೆ ಇವೆರಡೂ ಶಿವಮೊಗ್ಗದ ಗಾಂಧಿ ಬಜಾರಿನ ವರ್ತಕನ ವ್ಯವಹಾರವನ್ನು ಬದಲಿಸಿದಷ್ಟು 2014ರ ಫಲಿತಾಂಶದ ದಿನ ಬದಲಿಸಿರಲಿಲ್ಲ.

2019ರ ಫಲಿತಾಂಶದ ನಾಲ್ಕು ತಿಂಗಳ ಬಳಿಕ, ಸೆಪ್ಟೆಂಬರ್ 20ರಂದು, ವಿನಾಯಿತಿಗಳನ್ನು ಬಿಟ್ಟುಕೊಡುವ ದೇಶೀಯ ಕಂಪನಿಗಳ ತೆರಿಗೆ ದರವನ್ನು ಶೇಕಡಾ 22ಕ್ಕೆ ಇಳಿಸಲಾಯಿತು. ಅಧಿಭಾರ ಮತ್ತು ಉಪಕರ ಸೇರಿ ಅದು ಶೇಕಡಾ 25.17. ಪಾಲುದಾರಿಕೆ ಸಂಸ್ಥೆಗಳಿಗೆ ಈ ಲಾಭ ಸಿಗಲಿಲ್ಲ. ಅವುಗಳ ದರ ಶೇಕಡಾ 30ರಲ್ಲೇ ಉಳಿಯಿತು. ಕುಟುಂಬದ ಪಾಲುದಾರಿಕೆಯಾಗಿಯೇ ನಡೆದುಬಂದ ಉದ್ಯಮಗಳು ಇಂದಿಗೂ ಹಲವಿವೆ. ಅವುಗಳಲ್ಲಿ ಷೇರುಗಳೇ ಇಲ್ಲವಾದ್ದರಿಂದ ಖಾಸಗಿ ಷೇರು ಬಂಡವಾಳದ ಬಾಗಿಲೂ ಅವುಗಳಿಗೆ ಮುಚ್ಚಿದೆ.

2024ರ ಜುಲೈ 23ರ ಆಯವ್ಯಯವು ಇನ್ನೊಂದು ನಿದರ್ಶನ. ನೋಂದಣಿಯಾಗದ ಕಂಪನಿಯು ನ್ಯಾಯಬೆಲೆಗಿಂತ ಹೆಚ್ಚಿನ ದರಕ್ಕೆ ಷೇರು ನೀಡಿದರೆ ಹೆಚ್ಚುವರಿ ಮೊತ್ತವನ್ನು ಕಂಪನಿಯ ಆದಾಯವೆಂದೇ ಪರಿಗಣಿಸುತ್ತಿದ್ದ, 2012ರಲ್ಲಿ ಜಾರಿಗೆ ಬಂದ ಏಂಜೆಲ್ ತೆರಿಗೆಯನ್ನು ಅದು ರದ್ದುಪಡಿಸಿತು. ನೋಂದಣಿಯಾಗದ ಷೇರುಗಳ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆಯನ್ನು, ಬೆಲೆಯೇರಿಕೆಯ ಹೊಂದಾಣಿಕೆಯನ್ನು ಕೈಬಿಟ್ಟು, ಶೇಕಡಾ 20ರಿಂದ 12.5ಕ್ಕೆ ಇಳಿಸಿತು. ನೋಂದಾಯಿತ ಷೇರುಗಳ ದೀರ್ಘಾವಧಿ ಲಾಭದ ದರವನ್ನಾದರೋ ಶೇಕಡಾ 10ರಿಂದ 12.5ಕ್ಕೆ ಏರಿಸಿತು. ಪೇಟೆಯನ್ನು ನಿರಾಶೆಗೊಳಿಸಿದ ಫಲಿತಾಂಶದಿಂದಲೇ ಬಂದ ಸರ್ಕಾರವು ಸಣ್ಣ ಕಂಪನಿಗೆ ಬಂಡವಾಳ ತರುವ ದಾರಿಯಲ್ಲಿದ್ದ ಹನ್ನೆರಡು ವರ್ಷಗಳ ತಡೆಯೊಂದನ್ನು ತೆಗೆಯಿತು. ಜೂನ್ 4ರ ಸಂಜೆ ಸೂಚ್ಯಂಕ ನೋಡಿದವನಿಗೆ ಇದು ಕಾಣುವಂತಿರಲಿಲ್ಲ.

ಉದ್ಯಮಿಯು ಪಾಲಿಸಬಹುದಾದ ಕ್ರಮ

ಚುನಾವಣಾ ವರ್ಷವನ್ನು ನಿರ್ಲಕ್ಷಿಸಬೇಕೆಂದು ಇದರ ಅರ್ಥವಲ್ಲ. 2024ರಲ್ಲಿ ಮಾದರಿ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ, ಸುಮಾರು ಹನ್ನೆರಡು ವಾರ, ಜಾರಿಯಲ್ಲಿತ್ತು. ಶಿವಮೊಗ್ಗ ಕ್ಷೇತ್ರದಲ್ಲಿ ಮತದಾನ ಮೇ 7ರಂದು ನಡೆಯಿತು. ಇಂತಹ ಅವಧಿಯಲ್ಲಿ ಸರ್ಕಾರಿ ಇಲಾಖೆಗಳು ಹೊಸ ಕಾಮಗಾರಿಗಳನ್ನು ಘೋಷಿಸುವಂತಿಲ್ಲ. ದಾಖಲೆಯಿಲ್ಲದೆ 50,000 ರೂಪಾಯಿಗಿಂತ ಹೆಚ್ಚಿನ ನಗದು ಸಾಗಿಸಿದರೆ ತಪಾಸಣಾ ಠಾಣೆಗಳಲ್ಲಿ ವಶಕ್ಕೆ ಹೋಗುವ ಸಂಭವವಿದೆ. ಸರ್ಕಾರಿ ಕೆಲಸವನ್ನು ಆಶ್ರಯಿಸಿದ ಘಟಕಗಳು ಮೂರು ತಿಂಗಳ ವೇತನ, ಬಡ್ಡಿ ಹಾಗೂ ವಿದ್ಯುತ್ ಬಿಲ್ಲಿಗೆ ಸಾಕಾಗುವಷ್ಟು ಹಣವನ್ನು ಮೊದಲೇ ತೆಗೆದಿರಿಸುವುದು ಕ್ಷೇಮ. ಅಡಿಕೆ ವರ್ತಕರು ಬ್ಯಾಂಕಿನಿಂದ ಹಣ ಪಡೆದ ದಾಖಲೆ ಮತ್ತು ಖರೀದಿ ಪತ್ರಗಳನ್ನು ಜೊತೆಯಲ್ಲಿರಿಸಿಕೊಳ್ಳುವುದು ಅಗತ್ಯ.

ಹೊರಗಿನ ಬಂಡವಾಳ ಬಯಸುವವರು ಮಾತುಕತೆಯನ್ನು ಚುನಾವಣೆಗೆ ಒಂದು ವರ್ಷ ಮುಂಚಿತವಾಗಿಯೇ ಆರಂಭಿಸಿದರೆ ಅವಸರದ ಚೌಕಾಸಿಗೆ ಸಿಲುಕುವುದಿಲ್ಲ. ಮೂರು ವರ್ಷಗಳ ಲೆಕ್ಕಪರಿಶೋಧಿತ ಪತ್ರಗಳು ಸಿದ್ಧವಿರಬೇಕು. ಕಂಪನಿಯಾಗಿ ಪರಿವರ್ತನೆ ಹೊಂದುವ ಉದ್ದೇಶವಿದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಬೇಕು. ಹೂಡಿಕೆದಾರನು ಹೊರಹೋಗುವ ಸಮಯ ಚುನಾವಣೆಯ ವರ್ಷಕ್ಕೆ ಬಂದರೆ ಏನು ಮಾಡಬೇಕೆಂಬುದು ಒಪ್ಪಂದದಲ್ಲಿಯೇ ಬರೆದಿರಬೇಕು. ಬೆಲೆ ಕುಸಿದ ದಿನ ಮಾಲೀಕನೇ ಷೇರು ಮರುಖರೀದಿ ಮಾಡಬೇಕೆಂಬ ಷರತ್ತು ಕಂಪನಿಯನ್ನೇ ಮುಳುಗಿಸಬಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಗಿರಾಕಿಗಳ ಪಟ್ಟಿ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಣ ಮಾಚೇನಹಳ್ಳಿಯ ಘಟಕವಾಗಲಿ, ಭದ್ರಾವತಿಯ ಹಳೆಯ ಲೇತ್ ಘಟಕವಾಗಲಿ, ಉಕ್ಕಿನ ಕಾರ್ಖಾನೆಯಿಂದ ಆದೇಶ ಬಂದರೆ ಸಂತೋಷದಿಂದ ಸ್ವೀಕರಿಸಲಿ. ಅದು ಬಾರದಿದ್ದರೂ ಬಾಗಿಲು ತೆರೆದಿರುವಷ್ಟು ಬೇರೆ ಗಿರಾಕಿಗಳನ್ನು ಇರಿಸಿಕೊಳ್ಳಲಿ. ಹೊಸ ಯಂತ್ರಕ್ಕೆ ಸಾಲ ಪಡೆಯುವ ಮೊದಲು ಉದ್ಯಮಿಯು ಕೇಳಿಕೊಳ್ಳಬೇಕಾದ ಪ್ರಶ್ನೆ ದೆಹಲಿಯಲ್ಲಿ ಯಾರು ಗೆದ್ದರು ಎಂಬುದಲ್ಲ. ಸಹಿಯಾದ ಆದೇಶ ಎಷ್ಟಿದೆ, ಅದರ ಹಣ ಎಂದು ಬರುತ್ತದೆ ಎಂಬುದು. ಲೋಕಸಭಾ ಚುನಾವಣೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬರುತ್ತದೆ. ಬ್ಯಾಂಕಿನ ಕಂತು ಪ್ರತಿ ತಿಂಗಳೂ ಬರುತ್ತದೆ.