ನಕ್ಷತ್ರದ ತೊಟ್ಟಿಲಲ್ಲಿ ಮೆಥನಾಲ್

ಚಳಿಗಾಲದ ರಾತ್ರಿ ಶಿವಮೊಗ್ಗದ ಸಮೀಪದ ಗಾಜನೂರಿನಲ್ಲಿ, ತುಂಗಾ ಅಣೆಕಟ್ಟೆಯ ದೀಪಗಳಿಂದ ದೂರ ಸರಿದು ಆಕಾಶ ನೋಡಿ. ಸಾಲಾಗಿ ನಿಂತ ಮೂರು ನಕ್ಷತ್ರಗಳ ಪಕ್ಕದಲ್ಲಿ ಮಂಜಿನಂತಹ ಮಸುಕು ಚುಕ್ಕೆಯೊಂದು ಕಾಣುತ್ತದೆ. ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ಒರಾಯನ್ ನೀಹಾರಿಕೆ. ಅಲ್ಲಿ ಇಂದಿಗೂ ನಕ್ಷತ್ರಗಳು ಹುಟ್ಟುತ್ತಿವೆ.

ಆದರೆ ಸೂರ್ಯನ ಎಂಟು ಪಟ್ಟಿಗೂ ಮೀರಿದ ಭಾರೀ ನಕ್ಷತ್ರಗಳ ಹುಟ್ಟನ್ನು ಕಾಣುವುದು ಕಷ್ಟ. ಅವು ವಿರಳ, ಬೇಗ ಬೆಳೆಯುತ್ತವೆ. ಮೇಲಾಗಿ ದಟ್ಟ ಧೂಳಿನ ಮೋಡದೊಳಗೆ ಅಡಗಿರುತ್ತವೆ. ಅವುಗಳ ಸುಳಿವು ಕೊಡುವುದು ಯಾವುದು ಗೊತ್ತೇ? ಮೆಥನಾಲ್!

ಹೌದು, ಕಳ್ಳಬಟ್ಟಿಯಲ್ಲಿ ಬೆರೆತು 1981ರಲ್ಲಿ ಬೆಂಗಳೂರಿನಲ್ಲೂ 2008ರಲ್ಲಿ ಕರ್ನಾಟಕ-ತಮಿಳುನಾಡು ಗಡಿ ಭಾಗದಲ್ಲೂ ನೂರಾರು ಜೀವಗಳನ್ನು ಬಲಿ ಪಡೆದ ಅದೇ ವಿಷ. ಇದಕ್ಕೆ ನಮ್ಮ ಜಿಲ್ಲೆಯ ನಂಟೂ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗಾಗಿ ಮರದಿಂದ ಇದ್ದಿಲು ತಯಾರಿಸುವಾಗ ಮೆಥನಾಲ್ ಕೂಡಾ ದೊರೆಯುತ್ತಿತ್ತು. ಹಾಗಾಗಿಯೇ ಅದಕ್ಕೆ ಮರದ ಮದ್ಯಸಾರ ಎಂಬ ಹೆಸರು.

ಬಾನಿನಲ್ಲಿ ಮರಗಳಿಲ್ಲ. ಅಲ್ಲಿ ಧೂಳಿನ ಕಣಗಳಿಗೆ ಅಂಟಿದ ಮಂಜುಗಡ್ಡೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಜಲಜನಕ ಸೇರಿ ಮೆಥನಾಲ್ ಆಗುತ್ತದೆ. ಎಳೆಯ ನಕ್ಷತ್ರದ ಶಾಖಕ್ಕೆ ಮಂಜುಗಡ್ಡೆ ಆವಿಯಾದಾಗ ಅದು ಹೊರಬರುತ್ತದೆ. ಬಿಸಿ ಧೂಳಿನಿಂದ ಹೊಮ್ಮುವ ಅತಿಗೆಂಪು ಕಿರಣಗಳು ಅದರ ಅಣುಗಳಿಗೆ ಶಕ್ತಿ ತುಂಬುತ್ತವೆ. ಆಗ ಆ ಮಾರ್ಗವಾಗಿ ಸಾಗುವ ರೇಡಿಯೋ ಅಲೆ ಹಲವು ಪಟ್ಟು ಪ್ರಬಲವಾಗುತ್ತದೆ. ಇದೇ ಮೇಸರ್, ಲೇಸರ್‌ನ ಅಣ್ಣ ಎನ್ನಬಹುದು.

1991ರಲ್ಲಿ ಕಾರ್ಲ್ ಮೆಂಟನ್ ಎಂಬ ವಿಜ್ಞಾನಿ 6.7 ಗಿಗಾಹರ್ಟ್ಸ್‌ನ ಮೆಥನಾಲ್ ಮೇಸರನ್ನು ಪತ್ತೆ ಹಚ್ಚಿದರು. ಅದರ ಅಲೆಯ ಉದ್ದ ಸುಮಾರು ನಾಲ್ಕೂವರೆ ಸೆಂಟಿಮೀಟರ್. ಧೂಳು ಅದನ್ನು ತಡೆಯಲಾರದು. ವಿಶೇಷವೆಂದರೆ, ಈ ಸಂಕೇತ ಭಾರೀ ನಕ್ಷತ್ರಗಳು ಹುಟ್ಟುವೆಡೆಯಿಂದ ಮಾತ್ರ ಬರುತ್ತದೆ. ಸೂರ್ಯನಂತಹ ಸಾಧಾರಣ ನಕ್ಷತ್ರಗಳ ಬಳಿ ಸಿಕ್ಕಿಲ್ಲ.

2015ರಲ್ಲಿ ಎಸ್255 ಎಂಬ ಪ್ರದೇಶದ ಮೇಸರ್ ಇದ್ದಕ್ಕಿದ್ದಂತೆ ಪ್ರಖರವಾಯಿತು. ಖಗೋಳಜ್ಞರು ಕೂಡಲೇ ಅತ್ತ ದೂರದರ್ಶಕ ತಿರುಗಿಸಿದರು. ಸುಮಾರು 20 ಸೂರ್ಯರಷ್ಟು ಭಾರದ ಎಳೆಯ ನಕ್ಷತ್ರವೊಂದು ತನ್ನ ಸುತ್ತಲಿನ ಅನಿಲವನ್ನು ಒಮ್ಮೆಲೇ ನುಂಗಿತ್ತು. ಇಂತಹ ನಕ್ಷತ್ರಗಳು ಸದಾ ಒಂದೇ ಸಮನೆ ಬೆಳೆಯುವುದಿಲ್ಲ, ನಡುನಡುವೆ ಗಬಗಬನೆ ತಿಂದೂ ಬೆಳೆಯುತ್ತವೆ ಎಂಬುದು ಹೀಗೆ ತಿಳಿಯಿತು.

ಇದರಿಂದ ನಮಗೇನು ಎಂದು ಕೇಳಬಹುದು. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ತಯಾರಾದದ್ದು ಭಾರೀ ನಕ್ಷತ್ರಗಳ ಒಡಲಿನಲ್ಲೇ. ಭದ್ರಾವತಿಯಲ್ಲಿ ಕರಗಿದ ಕಬ್ಬಿಣದ ಒಂದು ಪಾಲೂ ಅವುಗಳ ಸ್ಫೋಟದಿಂದಲೇ ಬಂದದ್ದು. ಕುಡಿದವನ ಕಣ್ಣು ಕಳೆಯುವ ಮೆಥನಾಲ್, ಅವುಗಳ ಹುಟ್ಟನ್ನು ನಮಗೆ ಕಾಣಿಸುತ್ತಿದೆ.